ಮಿರಜದಿಂದ ತಂದ ಸುಳ್ಳು

ಇದನ್ನು ಹೇಳುವುದನ್ನು ಬಹಳ ದಿನ ಮುಂದೂಡಿದ್ದೇನೆ. ಕಬ್ಬು ಕಡಿದು ಮುಗಿಯಲಿ, ಮೊಮ್ಮಗಳ ಪರೀಕ್ಷೆ ಆಗಲಿ, ಮೊಣಕಾಲಿನ ನೋವು ಸ್ವಲ್ಪ ಇಳಿಯಲಿ ಎಂದು ನೆಪ ಹುಡುಕುತ್ತ ಆರು ವರ್ಷ ಕಳೆದೆ. ಹೇಳದೆ ಇಟ್ಟ ಮಾತು ನಿಧಾನವಾಗಿ ಕನಸಿನ ಹಾಗಾಗುತ್ತದೆ. ಆ ದಿನ ರೈಲಿನ ಕಿಟಕಿಯ ಹೊರಗೆ ಕಬ್ಬು ಸೂಲಂಗಿಯ ಬಿಳಿ ಹೂ ಬಿಟ್ಟಿತ್ತೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ನಾನು ಆಡಿದ ಸುಳ್ಳು ಮಾತ್ರ ಅಕ್ಷರ ಬಿಡದೆ ನೆನಪಿದೆ.

ನಮ್ಮದು ರಾಯಬಾಗ ತಾಲೂಕಿನ ಒಂದು ಹಳ್ಳಿಯ ಒಕ್ಕಲುತನದ ಜೈನ ಮನೆ. ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ನಾನು ಊರಿನ ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಹಾಲಿನಲ್ಲಿ ಗಾಜಿನ ಕೊಳವೆ ಇಳಿಬಿಟ್ಟು, ಅದು ಎಲ್ಲಿ ತೇಲಿ ನಿಲ್ಲುತ್ತದೆ ಎಂದು ನೋಡಿ, ನೀರು ಇದೆಯೋ ಇಲ್ಲವೋ ಹೇಳುವುದು. ಮೂವತ್ತು ವರ್ಷ ಅದನ್ನೇ ಮಾಡಿದೆ. ಸ್ವಂತ ತಂಗಿಯ ಮನೆಯ ಹಾಲಿನಲ್ಲಿ ನೀರು ಕಂಡಾಗಲೂ ಕ್ಯಾನು ವಾಪಸು ಕಳಿಸಿದ್ದೆ. ಅವಳು ಒಂದು ವರ್ಷ ನನ್ನೊಂದಿಗೆ ಮಾತು ಬಿಟ್ಟಳು. ಊರು ನನ್ನ ಮಾತನ್ನು ನಂಬತೊಡಗಿತು.

ಅಣ್ಣನ ಹೆಂಡತಿಗೆ ನಮ್ಮಲ್ಲಿ ವೈನಿ ಎನ್ನುತ್ತೇವೆ. ವೈನಿ ಮದುವೆಯಾಗಿ ಬಂದಾಗ ನಾನು ಇನ್ನೂ ಸಾಲೆಯ ಹುಡುಗ. ಅವ್ವ ಬೇಗ ಹೋಗಿದ್ದಳು. ನನ್ನ ಅಂಗಿಯ ಗುಂಡಿ ಹಚ್ಚಿದವಳು, ಜ್ವರ ಬಂದಾಗ ತಲೆಯ ಹತ್ತಿರ ಕುಳಿತವಳು, ಎಂಟನೆಯ ಇಯತ್ತೆಯಲ್ಲಿ ನಾಪಾಸಾಗಿ ಹೊಲಕ್ಕೆ ಹೋಗುತ್ತೇನೆ ಎಂದಾಗ ಕೈ ಹಿಡಿದು ಮತ್ತೆ ಸಾಲೆಗೆ ಬಿಟ್ಟುಬಂದವಳು ಅವಳೇ. ಆಗ ಅವಳ ಮೂಗಿನಲ್ಲಿ ಒಂದು ಚಿಕ್ಕ ಮೂಗುತಿ ಇತ್ತು. ಅಣ್ಣ ತೀರಿಕೊಂಡ ಮೇಲೆ ಹಿರಿಯ ಹೆಂಗಸರು ಅದನ್ನು ತೆಗೆದರು. ಮುಂದೆ ನನ್ನ ಮಗಳ ಮದುವೆಯಲ್ಲಿ ಅದು ಮಗಳ ಮೂಗಿಗೆ ಹೋಯಿತು. ವೈನಿಯೇ ಕೈಯಾರೆ ತೊಡಿಸಿದಳು. ಕೊಡುತ್ತೀಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮನೆಯವರೆಲ್ಲ ಅಥಣಿಗೆ ಮದುವೆಗೆ ಹೋಗಿದ್ದಾಗ, ವೈನಿ ನನ್ನನ್ನು ಜೋಳದ ಚೀಲಗಳಿದ್ದ ಒಳಕೋಣೆಗೆ ಕರೆದಳು. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಸೆರಗಿನ ಗಂಟಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಬಿಸಿಲಲ್ಲಿ ಹಿಡಿದಳು. ಒಂದೇ ಹರಳಿನ ವಜ್ರದ ಮೂಗುತಿ. ಗೋಡೆಯ ಮೇಲೆ ಬಣ್ಣದ ಚೂರುಗಳು ಚೆಲ್ಲಿದವು.

"ಫೋನಿನಾಗ ತರಿಸೀನಿ, ತಮ್ಮಾ. ನನ್ನ ಸಲುವಾಗಿ."

ಅವಳಿಗೆ ಆಗಲೇ ಎಪ್ಪತ್ತು ದಾಟಿತ್ತು. ಅಂಗಡಿಗೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದಳು. ಚಿಕ್ಕೋಡಿಯಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಬಂಗಾರದ ಅಂಗಡಿಯವರಿಗೆ ನಮ್ಮ ಮನೆತನ ಗೊತ್ತು. ಗಾದಿಯ ಮೇಲೆ ಕೂಡುವುದರೊಳಗೆ ಯಾರಿಗೆ ಎಂದು ಕೇಳುತ್ತಾರೆ. ಸೊಸೆಗೋ ಮೊಮ್ಮಗಳಿಗೋ ಎನ್ನಬೇಕು, ಇಲ್ಲದಿದ್ದರೆ ನಗುತ್ತಾರೆ. ಫೋನು ಕೇಳುವುದಿಲ್ಲ. ತನ್ನ ಎರಡು ಎಮ್ಮೆಗಳ ಹಾಲಿನ ರೊಕ್ಕ ಕೂಡಿಸಿ ತರಿಸಿದ್ದಳು. ಪಾರ್ಸಲ್ಲನ್ನು ಮನೆಗೆ ಬಾರದಂತೆ ಮಾಡಿ, ಮಂಡಿನೋವಿನ ಔಷಧಿ ಎಂದು ಹೇಳಿ ರಾಯಬಾಗದಿಂದ ತಾನೇ ತಂದಿದ್ದಳು.

ಜೊತೆಗೆ ಒಂದು ಪ್ರಮಾಣಪತ್ರವೂ ಬಂದಿತ್ತು. ಅದು ಅವಳಿಗೆ ಸಾಲದು.

"ಮಾರಾಂವ ಕಳಿಸಿದ ಕಾಗದ ಮಾರಾಂವನ ಮಾತಽ ಆತಲ್ಲ. ಮಾರದಾಂವ ಒಬ್ಬಾಂವ ನೋಡ್ಲಿ. ಮಿರಜದಾಗ ಅದಾನಂತ. ನೀ ಹೋಗಿ ಬಾ. ಹಾಲಿನಾಗಿನ ನೀರ ಹಿಡದಾಂವ ನೀನು, ನಿನ್ನ ಮಾತಿಗೆ ಮ್ಯಾಲ ಕೆಳಗ ಇಲ್ಲ."

ಹದಿನೈದು ದಿನದೊಳಗೆ ವಾಪಸು ಕಳಿಸಬಹುದಿತ್ತು. ಆದರೆ ಮೂಗುತಿಗೆ ಕಟ್ಟಿದ ಮುದ್ರೆಯ ದಾರ ಹರಿಯಬಾರದು. ಹಾಗಾಗಿ ಅವಳು ಅದನ್ನು ಒಮ್ಮೆಯೂ ಹಾಕಿಕೊಂಡು ನೋಡಿರಲಿಲ್ಲ. ನನ್ನ ಗಡ್ಡ ಕೆರೆಯುವ ಕನ್ನಡಿಯನ್ನು ಕಿಟಕಿಗೆ ಒರಗಿಸಿ, ಮೂಗುತಿಯನ್ನು ಮೂಗಿನ ಪಕ್ಕಕ್ಕೆ ತಾಗದಂತೆ ಹಿಡಿದಳು. ದಾರ ತುಟಿಯ ಮೇಲೆ ಜೋತುಬಿತ್ತು. ಅವಳಿಗೇ ನಗು ಬಂತು.

"ಸಂತಿಗೆ ಹೊಂಟ ಎಮ್ಮಿ ಹಂಗ ಕಾಣಸ್ತೀನೇನ?"

ಚೆಂದ ಕಾಣುತ್ತದೆ ಎಂದು ನನಗೆ ಅನ್ನಿಸಿತು. ಬಾಯಿಬಿಟ್ಟು ಅಂದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಮುಂಜಾನೆ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಮಿರಜದ ರೈಲು ಹತ್ತಿದೆ. ದವಾಖಾನೆಗಳ ಓಣಿಯಲ್ಲಿ, ಮಹಡಿಯ ಮೇಲೆ ಹರಳು ಪರೀಕ್ಷಿಸುವ ಆ ಪಾರಖಿಯ ಕೋಣೆ. ಗಾಜಿನ ಕಪಾಟಿಲ್ಲ, ತಕ್ಕಡಿ ಹಿಡಿದ ಆಳಿಲ್ಲ. ಒಂದು ಮೇಜು, ಒಂದು ದೀಪ, ಎರಡು ಕುರ್ಚಿ, ದುರ್ಬೀನಿನಂಥ ಒಂದು ಯಂತ್ರ. ತಾನು ವಜ್ರ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ, ನೋಡುವುದಕ್ಕೆ ಮಾತ್ರ ಫೀ ಎಂದು ಅವನು ಮೊದಲೇ ಹೇಳಿದ. ಅರ್ಧ ಮರಾಠಿ, ಅರ್ಧ ಕನ್ನಡ. ಡಬ್ಬಿ ಬಿಚ್ಚುತ್ತ ಸಹಜವಾಗಿ ಕೇಳಿದ.

"ಯಾರಿಗ್ರಿ ಕಾಕಾ? ನಾತಿಗೇನು?"

ನಾತಿ ಎಂದರೆ ಮೊಮ್ಮಗಳು. ವೈನಿ ಯಾವ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದಳೋ ಅದು ನನ್ನ ಎದುರು ಬಂದು ಕುಳಿತಿತ್ತು. ಊರಿನ ಗುರುತಿಲ್ಲದ ಒಬ್ಬ ಮನುಷ್ಯ, ನಾಳೆ ನನ್ನ ಮುಖವೂ ಅವನಿಗೆ ನೆನಪಿರುವುದಿಲ್ಲ. ಆದರೂ ನನ್ನ ವಿಧವೆ ವೈನಿಗೆ ಎನ್ನಲು ನಾಲಿಗೆ ಏಳಲಿಲ್ಲ. ಹೌದ್ರಿ, ನಾತಿಗೆ ಎಂದೆ.

ಅವನು ಬಹಳ ಹೊತ್ತು ನೋಡಿದ. ಬಿಳಿ ಕಾಗದದ ಮಡಿಕೆಯಲ್ಲಿ ಇಟ್ಟು ಬಣ್ಣ ನೋಡಿದ. ಬಂಗಾರದಲ್ಲಿ ಕೂರಿಸಿದ ಹರಳನ್ನು ತೂಗಲು ಆಗುವುದಿಲ್ಲ ಎಂದು ಅಳತೆ ಹಿಡಿದು ತೂಕ ಅಂದಾಜು ಮಾಡಿದ. ಆಮೇಲೆ ನನ್ನನ್ನೂ ಯಂತ್ರದೊಳಗೆ ನೋಡಲು ಕರೆದ. ಹರಳಿನ ಅಂಚಿನಲ್ಲಿ ಕೂದಲಿಗಿಂತ ಸಣ್ಣದಾಗಿ ಕೆತ್ತಿದ ಅಂಕಿಗಳು, ಪ್ರಮಾಣಪತ್ರದ ಕಾಗದದಲ್ಲಿದ್ದ ಅವೇ ಅಂಕಿಗಳು. ಒಳಗೆ ಬೆಳಕಿನ ಕೋಣೆಗಳು, ಒಂದರೊಳಗೆ ಒಂದು. ಒಂದು ಮೂಲೆಯಲ್ಲಿ ಹಾಲಿನ ಕೆನೆಯ ಎಳೆಯಂಥ ಗೆರೆ. ಅದು ಹುಟ್ಟುಮಚ್ಚೆ, ಕಾಗದದ ಚಿತ್ರದಲ್ಲೂ ಅದೇ ಜಾಗದಲ್ಲಿದೆ ಎಂದು ತೋರಿಸಿದ.

"ಕಾಗದನೂ ಖರೆ, ಹರಳೂ ಖರೆ. ಬಣ್ಣ ಅಂತೂ ಬರದದ್ದಕ್ಕಿಂತ ಒಂದ ಪಾವಟಿಗಿ ಮ್ಯಾಲ ಐತ್ರಿ, ಕಾಕಾ."

ಅಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು, ಸಹಿ ಮಾಡಿ ಕೊಟ್ಟ.

ತಿರುಗಿ ಬರುವ ಪ್ಯಾಸೆಂಜರ್ ರೈಲಿನಲ್ಲಿ ಜನ ಕಡಿಮೆ. ಶೇಡಬಾಳ ದಾಟಿತು, ಉಗಾರ ಬಂತು, ಸಕ್ಕರೆ ಕಾರ್ಖಾನೆಯ ಬೆಲ್ಲದ ಪಾಕದಂಥ ವಾಸನೆ ರೈಲಿನ ಡಬ್ಬಿಯೊಳಗೆ ತುಂಬಿಕೊಂಡಿತು. ನನಗೆ ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ವೈನಿ ಬಸದಿಯ ಮೆಟ್ಟಿಲು ಹತ್ತುತ್ತಿದ್ದಳು, ಮೂಗಿನಲ್ಲಿ ಬೆಳಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡಸರು ಅವಳನ್ನು ನೋಡದೆ ನನ್ನನ್ನು ನೋಡಿದರು. ಮುದುಕಿಗೆ ಈಗೇನು ಬಂತು, ಮನೆಯ ಯಜಮಾನ ಸುಮ್ಮನೆ ಹ್ಯಾಗೆ ಬಿಟ್ಟ? ನಾನು ಅವರ ನಡುವೆ ನಿಂತು ಚಪ್ಪಲಿ ಹುಡುಕುತ್ತಿದ್ದೆ.

ಹಾಕಿಕೊಳ್ಳಬೇಡಿ ಎಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಯಾವ ಬಾಯಿಂದ ಹೇಳಲಿ? ಹಾಕಿಕೊಳ್ಳಿ ಎಂದು ಜೊತೆಗೆ ನಿಲ್ಲುವ ಧೈರ್ಯವೂ ಇರಲಿಲ್ಲ. ಬೇಡವೆನ್ನುವ ಕೆಲಸವನ್ನು ಹರಳಿನ ಮೇಲೆ ಹಾಕಿದರೆ ನಾನು ಕೆಟ್ಟವನಾಗುವುದಿಲ್ಲ ಎಂದು ತೋರಿತು. ಕುಡಚಿಯ ಹತ್ತಿರ ರೈಲು ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಪಾರಖಿಯ ಹಾಳೆಯನ್ನು ನಾಲ್ಕು ತುಂಡು ಮಾಡಿ ಕಿಟಕಿಯಿಂದ ಬಿಟ್ಟೆ. ಅವು ಕೆಳಗೆ ಬೀಳಲಿಲ್ಲ. ಸ್ವಲ್ಪ ದೂರ ರೈಲಿನ ಜೊತೆಗೇ ಹಾರಿ ಬಂದಂತೆ ನೆನಪು.

ವೈನಿ ಹಿತ್ತಲಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಬಕೀಟು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಮುಖ ನೋಡಿದಳು.

"ಸಾಚಾ ಅಲ್ಲಂತ್ರಿ, ವೈನಿ. ಕಾಗದ ಬ್ಯಾರೆ, ಹರಳ ಬ್ಯಾರೆ."

"ಅಂವ ಏನೂ ಬರದು ಕೊಡಲಿಲ್ಲೇನು?"

"ಸುಳ್ಳ ಹರಳಿಗೆ ಬರದು ಕೊಡಂಗಿಲ್ಲಂತ್ರಿ."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

"ಹೋಗ್ಲಿ ಬಿಡು. ನೀ ಹೋಗಿ ಬಂದದ್ದು ಚಲೋ ಆತು," ಎಂದಳು.

ಆಮೇಲೆ ಗೋಡೆಯ ಕಡೆಗೆ ಸ್ವಲ್ಪ ತಿರುಗಿ, ಮೂಗಿನಿಂದ ಏನನ್ನೋ ತೆಗೆದು ನೆಲಕ್ಕೆ ಹಾಕಿದಳು. ಬೇವಿನ ಕಡ್ಡಿಯ ಒಂದು ಚೂರು, ಎಳ್ಳಿಗಿಂತ ತುಸು ದೊಡ್ಡದು. ಅಣ್ಣ ಹೋದ ಮೇಲೂ ಮೂಗಿನ ತೂತು ಮುಚ್ಚದಂತೆ ಅವಳು ಅಲ್ಲಿ ಕಡ್ಡಿಯ ಚೂರು ಇಡುತ್ತ ಬಂದಿದ್ದಳು ಎಂದು ನನ್ನ ಹೆಂಡತಿ ಮುಂದೆ ಹೇಳಿದಳು. ಹತ್ತೊಂಬತ್ತು ವರ್ಷ. ಅಷ್ಟು ವರ್ಷ ಅವಳ ಎದುರು ಕುಳಿತು ಉಂಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಮೂಗುತಿಯನ್ನು ನಾನೇ ಡಬ್ಬಿಯಲ್ಲಿಟ್ಟು, ಅಂಟು ಪಟ್ಟಿ ಸುತ್ತಿ ವಾಪಸು ಕಳಿಸಿದೆ. ದಾರದ ಮುದ್ರೆ ಹಾಗೇ ಇತ್ತು. ರೊಕ್ಕ ಅವಳ ಖಾತೆಗೆ ತಿರುಗಿ ಬಂತು. ಅವಳು ಮತ್ತೆ ಬೇರೆ ಮೂಗುತಿಯ ಮಾತು ಎತ್ತಲಿಲ್ಲ. ಕಡ್ಡಿಯನ್ನೂ ಇಡಲಿಲ್ಲ. ಆರು ತಿಂಗಳಲ್ಲಿ ಆ ಜಾಗದಲ್ಲಿ ಒಂದು ಚಿಕ್ಕ ಕಪ್ಪು ಚುಕ್ಕೆ ಉಳಿಯಿತು. ಓಣಿಯ ಹೆಣ್ಣುಮಕ್ಕಳು ಫೋನಿನಲ್ಲಿ ಸೀರೆಯನ್ನೋ ಕುಕ್ಕರನ್ನೋ ತರಿಸಿಕೊಂಡು ಸಂಶಯಪಟ್ಟರೆ ಅವಳು, ನಮ್ಮ ತಮ್ಮಗ ತೋರಸ್ರಿ, ಅಂವ ಸುಳ್ಳ ಹೇಳಂಗಿಲ್ಲ, ಎನ್ನುತ್ತಾಳೆ. ಅವರು ತಂದು ತೋರಿಸುತ್ತಾರೆ. ನಾನು ನೋಡುತ್ತೇನೆ.

ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಬೆಳಕಿನ ಕೋಣೆಗಳು ಬರುತ್ತವೆ. ಒಂದರ ಬಾಗಿಲು ದಾಟಿದರೆ ಇನ್ನೊಂದು. ಒಳಗೆಲ್ಲೋ ವೈನಿ ಜೋಳ ಕೇರುತ್ತಿರುವ ಮೊರದ ಸದ್ದು. ನಾನು ಮುಟ್ಟುವುದರೊಳಗೆ ಸದ್ದು ಮುಂದಿನ ಕೋಣೆಗೆ ಹೋಗಿರುತ್ತದೆ.

ಎರಡು ವರ್ಷದ ನಂತರ ಮಿರಜಕ್ಕೆ ಹೋಗಿ ಆ ಪಾರಖಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅವನಿಗೆ ನಾನೂ ನೆನಪಿರಲಿಲ್ಲ, ಹರಳೂ ನೆನಪಿರಲಿಲ್ಲ. ಚಹಾ ತರಿಸಿ ಕುಡಿಸಿದ. ಆಮೇಲೆ ಹೆಂಡತಿಗೆ ಹೇಳಿದೆ. ಅವಳು, "ನನಗ್ಯಾಕ ಹೇಳ್ತೀರಿ?" ಎಂದು ಒಳಗೆ ಹೋದಳು.

ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ಸಣ್ಣವರು ದೊಡ್ಡವರೆನ್ನದೆ ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನಬೇಕು. ಈ ವರ್ಷ ಆ ಮಾತನ್ನು ಮೊದಲು ವೈನಿಗೇ, ಅವಳ ಕೋಣೆಯಲ್ಲಿ, ಬಾಗಿಲು ಮುಚ್ಚಿ ಹೇಳಬೇಕೆಂದು ಎದ್ದಿದ್ದೆ. ನಾನು ಅಂಗಿ ತೊಡುವುದರೊಳಗೆ ಅವಳೇ ಕೋಲು ಊರಿಕೊಂಡು ಪಡಸಾಲೆಗೆ ಬಂದು, ಎಲ್ಲರ ಎದುರು ನನಗೆ ಕೈ ಮುಗಿದಳು.

"ಏನರ ತಪ್ಪ ಆಗಿದ್ರ ಹೊಟ್ಟ್ಯಾಗ ಹಾಕ್ಕೋ, ತಮ್ಮಾ."

ನಾನೂ ಕೈ ಮುಗಿದು, ಎಲ್ಲರಿಗೂ ಅನ್ನುವ ಆ ಮಾತನ್ನೇ ಅಂದೆ. ಮೊಮ್ಮಕ್ಕಳು ಪ್ರಸಾದಕ್ಕೆ ಕೈ ಚಾಚುತ್ತಿದ್ದರು. ಅವಳು ನಕ್ಕು ಮುಂದಿನವರ ಕಡೆಗೆ ತಿರುಗಿದಳು.

ಅದು ಕೇಳಿದಂತಲ್ಲ. ಆ ಮಾತಿನಲ್ಲಿ ಮಿರಜ ಇರಲಿಲ್ಲ, ಸೇತುವೆ ಇರಲಿಲ್ಲ. ಅವಳು ಯಾವುದನ್ನು ಕ್ಷಮಿಸಬೇಕು ಎಂಬುದೇ ಅವಳಿಗೆ ಗೊತ್ತಿಲ್ಲ. ಹಾಲು ವಾಪಸು ಕಳಿಸಿದ್ದಕ್ಕೆ ತಂಗಿಯ ಕ್ಷಮೆ ಕೇಳಿದ್ದೇನೆ, ಪಾರಖಿಯದು ಕೇಳಿದ್ದೇನೆ, ಬಸದಿಯಲ್ಲಿ ಕೇಳಿದ್ದೇನೆ. ಕೇಳದೆ ಉಳಿದವಳು ಒಬ್ಬಳೇ. ಪಕ್ಕದ ಕೋಣೆಯಲ್ಲಿ ಈಗ ಮಲಗಿರುವ, ನನ್ನ ಅಣ್ಣನ ಹೆಂಡತಿ, ನನ್ನ ವೈನಿ.