ಕಿತ್ತಳೆ ಸಿಪ್ಪೆಗೆ ಸಕ್ಕರೆ ಹಿಡಿಸಿದ್ದು

ಪಾಕ ತಳ ಹಿಡಿಯಬಹುದಿತ್ತು. ಸಿಪ್ಪೆಯ ಕಹಿ ಬಿಡದೆ ಉಳಿಯಬಹುದಿತ್ತು. ಒಣಗಲು ಹರವಿದ ತಟ್ಟೆಗೆ ಇರುವೆಗಳು ಸಕುಟುಂಬ ದಯಮಾಡಿಸಬಹುದಿತ್ತು. ಹಣ್ಣು ಮಿರಿಮಿರಿ ಮಿಂಚಲೆಂದು ಬಳಿಯುವ ಮೇಣ ಬಿಸಿನೀರಿಗೂ ಜಗ್ಗದೆ ವೃದ್ಧೆಯೊಬ್ಬರ ಹೊಟ್ಟೆ ಸೇರಬಹುದಿತ್ತು. ಗೋಕಾಕದಿಂದ ಹುಕ್ಕೇರಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೈಕೊಟ್ಟು, ಅಷ್ಟರಲ್ಲಿ ಸೂರ್ಯ ಮುಳುಗಿಬಿಡಬಹುದಿತ್ತು. ಅನಾದಿಕಾಲದಿಂದ ತನ್ನಷ್ಟಕ್ಕೆ ಮುಳುಗುತ್ತಿರುವ ಸೂರ್ಯನನ್ನೂ ನನ್ನ ಚಿಂತೆಗೆ ಯಾಕೆ ಎಳೆದೆನೆಂದು ನೀವು ಕೇಳುವುದು ನ್ಯಾಯವೇ.

ಹುಕ್ಕೇರಿಯ ಗೆಳೆಯ ಭರಮುವಿನ ತಾಯಿಯನ್ನು ನಾನೂ ಆಯಿ ಎಂದೇ ಕರೆಯುವುದು. ಶಾಲೆಯ ದಿನಗಳಲ್ಲಿ ಅವರ ಮನೆಯಲ್ಲೇ ಉಂಡು ಬೆಳೆದವನು ನಾನು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಆಯಿ ಏನನ್ನೂ ತಿನ್ನುವವರಲ್ಲ. ಈಚೆಗೆ ಜ್ವರದಿಂದ ಎದ್ದ ಮೇಲಂತೂ ಹಗಲಲ್ಲೂ ಊಟ ಬೇಡವಾಗಿ, ತಟ್ಟೆ ಸರಿಸಿ ಸರಿಸಿ ಕಡ್ಡಿಯಾಗುತ್ತಿದ್ದರು. ಭರಮು ಫೋನು ಮಾಡಿದ.

"ಏನ್ ಕೊಟ್ರೂ ಬಾಯಿಗೆ ರುಚಿನ ಇಲ್ಲ ಅಂತಾಳಲೇ. ನಿನ್ನಿ ಕಿತ್ತಳಿ ಸಿಪ್ಪಿ ಹೆಸರು ತಗದಾಳ. ಇಲ್ಲಿ ಯಾರಿಗೂ ಮಾಡಾಕ ಬರೂದಿಲ್ಲ. ನೀ ಅಕಿ ಮಾಡೂವಾಗ ಬಾಜೂ ಕುಂತ ನೋಡಿದಾಂವ. ಮಾಡಿಕೊಂಡ ಬಾ."

ನೋಡಿದ್ದು ಖರೆ. ಆದರೆ ನಾನು ನೋಡುತ್ತಿದ್ದದ್ದು ವಿಧಾನವನ್ನಲ್ಲ, ಅದು ಯಾವಾಗ ಅಂಗೈಗೆ ಬೀಳುತ್ತದೆಂಬುದನ್ನು.

ಮೂಡಲಗಿ ಸಂತೆಯಿಂದ ದಪ್ಪ ಸಿಪ್ಪೆಯ ಹಣ್ಣುಗಳನ್ನು ತಂದು, ಮೇಣದ ಭಯಕ್ಕೆ ಎಳೆಗೂಸಿಗೆ ಎರೆಯುವಂತೆ ಬಿಸಿನೀರಿನಲ್ಲಿ ತಿಕ್ಕಿದೆ. ಸಿಪ್ಪೆಯನ್ನು ಉದ್ದುದ್ದ ಸೀಳಿ ಕುದಿಸಿ, ಕಹಿನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕುದಿಸಿ, ಪ್ರತಿಸಲವೂ ರುಚಿ ನೋಡಿದ ನನ್ನ ನಾಲಿಗೆ ಕಡೆಗೆ ಕಹಿಗೂ ಸಿಹಿಗೂ ಭೇದವೆಣಿಸದ ವೈರಾಗ್ಯ ಪಡೆಯಿತು.

"ಏನ್ರಿ, ಸಿಪ್ಪಿ ಕುದಸಾಕತ್ತೀರೋ, ಕಷಾಯ ಕಾಸಾಕತ್ತೀರೋ?" ಎಂದಳು ನನ್ನಾಕೆ. "ಗೋಕಾಕದಂಥಾ ಕರದಂಟಿನ ಊರಾಗ ಇದ್ದು ಪಾಕಕ್ಕ ಇಷ್ಟ ಅಂಜಾವ್ರನ್ನ ನಾ ನೋಡಿಲ್ಲ ನೋಡ್ರಿ."

ಪಾಕ ಎಳೆ ಬಂತು. ಸಿಪ್ಪೆಗಳು ಗಾಜಿನಂತೆ ಪಾರದರ್ಶಕವಾದವು. ಒಣಗಿಸಿ, ಸಕ್ಕರೆಯಲ್ಲಿ ಹೊರಳಿಸಿ, ಡಬ್ಬಿ ತುಂಬಿ, ಇರುವೆಯೊಂದಕ್ಕೂ ಸುಳಿವು ಕೊಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ಸೂರ್ಯನನ್ನು ದಿಟ್ಟಿಸಿ ಕುಳಿತ ನನ್ನನ್ನು ಪಕ್ಕದವರು ಭಕ್ತನೆಂದು ತಿಳಿದಿರಲಿಕ್ಕೂ ಸಾಕು.

ಹುಕ್ಕೇರಿ ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಆಯಿ ಗೋಡೆಗೊರಗಿ ಕುಳಿತಿದ್ದರು. ಅವರ ಮಣಿಕಟ್ಟು ನನ್ನ ಎರಡು ಬೆರಳಿನಷ್ಟಾಗಿತ್ತು. ಡಬ್ಬಿಯನ್ನು ಅವರ ಮಡಿಲಲ್ಲಿಟ್ಟೆ. ಡಬ್ಬಿ ತೆರೆದು ಒಂದು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು.

"ಪಾಕ ಬರೋಬರಿ ಐತಿ," ಎಂದು ಅದನ್ನು ಮೆಲ್ಲಗೆ ಡಬ್ಬಿಗೇ ಇಳಿಸಿದರು. "ಖರೆ, ಇವತ್ತ ಯಾವ ವಾರೋ ಬಸೂ?"

ಆಗ ನೆನಪಾಯಿತು. ವಾರದ ಒಂದೊಂದು ದಿನ ಒಂದೊಂದು ರುಚಿ ಬಿಡುವ ವ್ರತ ಅವರದು. ಅವರ ರವಿವಾರದ ಉಪ್ಪಿಲ್ಲದ ತಟ್ಟೆ ನೋಡಿ ಎಳೆಯನಾಗಿದ್ದಾಗ ಮುಖ ಕಿವುಚಿದವನು ನಾನೇ. ಇವತ್ತು ಮಂಗಳವಾರ, ಸಿಹಿ ಬಿಡುವ ದಿನ.

"ಮರ್ತೆ, ಆಯಿ. ಸೂರ್ಯನ್ನಷ್ಟ ನೋಡಕೋಂತ ಬಂದೆ."

"ಮೊದಲಿನಿಂದ್ಲೂ ನೀ ಹಂಗ. ನೂರ ಚಿಂತಿ ಮಾಡಿ, ಬೇಕಾದ್ದೊಂದ ಬಿಡಾಂವ." ಡಬ್ಬಿ ಮುಚ್ಚಿದರು, ಮತ್ತೆ ತೆರೆದು ಮೂಸಿದರು. ಆಮೇಲೆ ಒಳಗಿದ್ದ ಸೊಸೆಗೆ ಕೇಳುವಂತೆ, "ಸುನಂದಾ, ಹೊತ್ತ ಮುಳುಗೂದರಾಗ ಇವಗ ರೊಟ್ಟಿ ಹಾಕ. ನನಗೂ ಅರ್ಧ ತಾ. ಬಾಯಾಗ ನೀರ ತರಿಸಿ ಕುಂತಾನ ಇಂವ," ಎಂದರು.

ಸುನಂದಾ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತಳು. ಬದಿಗೆ ಕುಳಿತಿದ್ದ ಭರಮು ನನ್ನ ಕಡೆ ನೋಡಲಿಲ್ಲ. ಕಣ್ಣು ಒರೆಸಿಕೊಂಡು ತಾಟು ತರಲು ಎದ್ದ.

ಆಯಿ ಅರ್ಧ ರೊಟ್ಟಿಯನ್ನು ಹೆಸರುಕಾಳಿನ ಪಲ್ಯದೊಂದಿಗೆ ನಿಧಾನವಾಗಿ ಉಂಡರು. ಡಬ್ಬಿಯನ್ನು ತಲೆದಿಂಬಿನ ಬದಿಗಿಟ್ಟುಕೊಂಡು, ನಾಳೆ ಹೊತ್ತು ಹುಟ್ಟುವವರೆಗೆ ಯಾರೂ ಮುಟ್ಟಕೂಡದೆಂದು ನಮ್ಮಿಬ್ಬರಿಗೂ ತಾಕೀತು ಮಾಡಿದರು.

ಪಾಕ ತಳ ಹಿಡಿದಿರಲಿಲ್ಲ, ಕಹಿ ಬಿಟ್ಟಿತ್ತು, ಇರುವೆ ಬಂದಿರಲಿಲ್ಲ, ಬಸ್ಸು ಕೆಟ್ಟಿರಲಿಲ್ಲ. ತಪ್ಪಿದ್ದು ವಾರ ಒಂದೇ.