ಕೆಂಪು ಬೆರಳಿನ ಡಾಕ್ಟರಬಾಯಿ

ಡಾಕ್ಟರಬಾಯಿಯವರ ಬಲಗೈಯ ಎರಡು ಬೆರಳು ಸದಾ ಕೆಂಪಗಿರುತ್ತಿದ್ದವು. ಸಾಬೂನು ಹಚ್ಚಿ ಎಷ್ಟು ತಿಕ್ಕಿದರೂ ಆ ಬಣ್ಣ ಹೋಗುತ್ತಿರಲಿಲ್ಲ. ಗೋಕಾಕದ ಪೇಟೆಯ ಹೆಂಗಸರು "ಯಾರಿಗೂ ಹೇಳದಂಗ ಮದರಂಗಿ ಹಚ್ಚಿಕೊಂಡೀರಲ್ರಿ ಬಾಯಾರ, ಲಗ್ನ ಯಾವಾಗ್ರಿ?" ಎಂದು ಕಾಡಿದರೆ, "ವರಾ ನೀವ ಹುಡುಕ್ರಿ, ಬಣ್ಣ ನಾ ತಯಾರ ಇಟ್ಟೀನಿ" ಎಂದು ನಗುತ್ತಿದ್ದರು.

ಆಗ ಗೋಕಾಕ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ನಾನು ಅವರ ದವಾಖಾನೆಯಲ್ಲಿ ನರ್ಸ್. ಕ್ಷಯ ಬಹಳ ದಿನ ಕಾಡಿದವರ ಮೈಯಲ್ಲಿ ಕೆಲವೊಮ್ಮೆ ಪ್ರೋಟೀನು ರೂಪ ಕೆಟ್ಟು ಮೂತ್ರಪಿಂಡದಲ್ಲಿ ಕೂಡಿಕೊಳ್ಳುತ್ತದೆ, ಕಾಲು ಬಾಯುತ್ತವೆ. ಅದನ್ನು ಹಿಡಿಯಲು ಅವರು ರೋಗಿಯ ಒಸಡಿನ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಹೆರೆದು, ಗಾಜಿನ ಪಟ್ಟಿಗೆ ಅಂಟಿಸಿ, ಕೆಂಪು ಬಣ್ಣದಲ್ಲಿ ಅದ್ದಿ ಸ್ಪಿರಿಟ್ಟಿನಲ್ಲಿ ತೊಳೆಯುತ್ತಿದ್ದರು. ತೊಳೆದ ಮೇಲೂ ಕೆಂಪು ಉಳಿಯಿತೆಂದರೆ ಮುಗಿಯಿತು, ಅದಕ್ಕೆ ಆಗ ಮದ್ದಿರಲಿಲ್ಲ. ಆ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ನನಗೂ ಕಲಿಸಿದ್ದರು, ಆದರೆ ಅದರ ಮೇಲೆ ರೋಗಿಯ ಹೆಸರು ಬರೆಯಗೊಡುತ್ತಿರಲಿಲ್ಲ. "ಹೆಸರು ಕಂಡ್ರ ಕಣ್ಣು ಕನಿಕರಾ ಮಾಡತಾವ, ತಂಗಿ" ಎನ್ನುತ್ತಿದ್ದರು.

ಕೆಟ್ಟ ಸುದ್ದಿಯನ್ನು ಮಾತ್ರ ಹಸಿದ ಹೊಟ್ಟೆಗೆ ಹೇಳಿದವರಲ್ಲ. ಕೌಜಲಗಿಯ ರೈತನಿರಲಿ, ಪೇಟೆಯ ಸಾವಕಾರನಿರಲಿ, ತಮ್ಮ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟು "ಮೊದಲ ಉಣ್ಣು" ಅನ್ನುವುದೇ. "ನಮ್ಮವ್ವನ ಪದ್ಧತಿ ಇದು. ಹೊಟ್ಟಿ ತುಂಬಿದ್ರ ಎದಿ ಸ್ವಲ್ಪ ತಡೀತೈತಿ." ನನಗದು ಸೇರುತ್ತಿರಲಿಲ್ಲ. ಆಮೇಲೆ ಆ ರೊಟ್ಟಿಯೇ ವಿಷವಾಗುವುದಿಲ್ಲವೇ ಎಂದು ಸಿಟ್ಟು ಬರುತ್ತಿತ್ತು.

ಕ್ಷಯದ ವಾರ್ಡಿನಲ್ಲಿ ದುಡಿದು ಅವರೂ ಒಮ್ಮೆ ಆ ರೋಗ ಅಂಟಿಸಿಕೊಂಡು ಗುಣವಾಗಿ ಎದ್ದವರೇ. ಒಂದು ಬೇಸಿಗೆ ಅವರ ಕಾಲು ಬಾತವು. "ನಿಂತು ನಿಂತು ಹಿಂಗಾಗ್ಯಾವ" ಅಂದರು, ನಂಬಿದೆ. ಒಸಡು ತೋರಿಸಿಕೊಳ್ಳಬೇಕೆಂದು ಬೆಳಗಾವಿಗೆ ಹೋಗಿ ಬಂದ ವಾರವೇ ಒಂದು ಗಾಜು ಕೊಟ್ಟು ನೋಡೆಂದರು. ಎಂದಿನಂತೆ ಹೆಸರಿರಲಿಲ್ಲ.

"ಕೆಂಪು ಚಲೋ ಹಿಡದೈತ್ರಿ, ಅನುಮಾನಾನ ಇಲ್ಲ" ಎಂದೆ.

"ಖರೆ?"

"ಖರೇನ್ರಿ."

ಅವರು ಡಬ್ಬಿ ಬಿಚ್ಚಿ ರೊಟ್ಟಿಯನ್ನು ನನ್ನ ಮುಂದಿಟ್ಟರು. "ಮೊದಲ ಉಣ್ಣು, ತಂಗಿ."

ನಾನು ಉಣ್ಣಲಿಲ್ಲ. ಆ ಕೆಂಪು ಬೆರಳು ಹಿಡಿದುಕೊಂಡು ಅತ್ತೆ.

ಮರುವರ್ಷ ಮಳೆಗಾಲದಲ್ಲಿ ಹೋಗಿಬಿಟ್ಟರು. ಜಡ್ಡು ಹೆಚ್ಚಾಗಿದೆ ಎಂದಷ್ಟೇ ಕೇಳಿ, ಮಗಳನ್ನು ನೋಡಲು ಘೋಡಗೇರಿಯಿಂದ ಅವರ ತಾಯಿ ಬಂದಿಳಿದರು. ಕೈಕಾಲಿಗೆ ನೀರು ಕೊಟ್ಟು, ಕೂಡಿಸಿ, ತಾಟಿನಲ್ಲಿ ರೊಟ್ಟಿ ಹಾಕಿ ತಂದಿಟ್ಟೆ.

"ಮೊದಲ ಉಣ್ರಿ, ಅವ್ವಾರ."

ಮುದುಕಿ ತಾಟು ನೋಡಿದರು, ನನ್ನ ಮುಖ ನೋಡಿದರು.

"ಯಾವಾಗ ಹೋದಳವಾ?" ಎಂದರು.