ಗೋದಾಮಿನ ನೀರು, ಕಾಕೂನ ಹೊಲ

ಅಕ್ಕಲಕೋಟ ರಸ್ತೆಯಲ್ಲಿ ನಮ್ಮ ಮನೆಯವರು ಬಟ್ಟೆಯ ಗೋದಾಮು ಕಟ್ಟಿಸಿದ ವರ್ಷ ಒಂದು ಜೋರು ಮಳೆಯಾಯಿತು. ಮರುದಿನ ಪಕ್ಕದ ಹೊಲದ ಹೆಂಗಸು ಗೇಟಿಗೆ ಬಂದು ನಿಂತರು. ಮೊಣಕಾಲಿನವರೆಗೆ ಕೆಸರು.

"ನಿಮ್ಮ ಗೋದಾಮಿನ ಮಾಡಿನ ಪತ್ರಾದ ನೀರೆಲ್ಲಾ ನನ್ನ ತೊಗರ್ಯಾಗ ನಿಂತೇತಿ. ಬಂದು ನೋಡ್ರಿ."

ನೋಡಿದೆವು. ಎರೆ ಮಣ್ಣಿನಲ್ಲಿ ಎಳೆಯ ತೊಗರಿ ಮುಳುಗಿತ್ತು.

"ಸಿಮೆಂಟಿನ ಗಟಾರ ಹಾಕಿ ಹಳ್ಳಕ್ಕ ಬಿಟ್ಟರಾತು," ಎಂದರು ಮಾವ.

ಮದುವೆಗೆ ಮುಂಚೆ ನಾನು ಸಿವಿಲ್ ಇಂಜಿನಿಯರಿಂಗ್ ಓದಿದ್ದೆ. ಈ ಮನೆಯಲ್ಲಿ ಆ ಓದು ಯಾರಿಗೂ ಬೇಕಾಗಿರಲಿಲ್ಲ. ಅಂದು ಧೈರ್ಯ ಮಾಡಿದೆ.

"ಬ್ಯಾಡ್ರಿ ಮಾಮಾರ. ಗಟಾರದಾಗ ನೀರು ಓಡತೈತಿ, ಮುಂದಿನವರ ಬದು ಕೊರೀತೈತಿ. ಅಗಲಕ್ಕ ಒಂದು ಕಾಲುವಿ ತೋಡಿ ಹುಲ್ಲು ಬೆಳಸೂಣು. ಓಡೂ ನೀರು ನಡೀತೈತಿ."

"ಹುಲ್ಲಿಗೆ ನೀರು ಹೆದರತೈತೇನು?" ಮಾವ ನಕ್ಕರು. ಆದರೆ ಬೇಡವೆನ್ನಲಿಲ್ಲ.

ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ. ಎಮ್ಮೆ ಎಡವದೆ ಇಳಿದು ಹತ್ತುವಷ್ಟು ಮೆಲ್ಲನೆಯ ದಂಡೆ, ಬುಡ ಅಗಲ, ಹಳ್ಳದ ಕಡೆಗೆ ಸಣ್ಣ ಇಳಿಜಾರು. ನೆಡಲು ಕರಕಿ, ಅಂದರೆ ಗರಿಕೆ ಹುಲ್ಲು ತರಿಸಿದೆ. ಅದನ್ನು ಕಂಡದ್ದೇ ತಡ, ಕಾಕೂ (ಪಕ್ಕದ ಹೊಲದ ಆ ಹೆಂಗಸನ್ನು ಅಷ್ಟರಲ್ಲಿ ಹಾಗೆ, ಚಿಕ್ಕಮ್ಮ ಎಂದು, ಕರೆಯತೊಡಗಿದ್ದೆ) ಬೆಂಕಿಯಾದರು.

"ಕರಕಿ ಹಚ್ಚತೀರಾ? ಅದನ್ನ ಕಿತ್ತು ಕಿತ್ತು ನನ್ನ ಬೆನ್ನು ಮುರದೈತಿ. ನೀರೂ ನೀವೇ ಕೊಡ್ರಿ, ಕರಕೀನೂ ನೀವೇ ಕೊಡ್ರಿ!"

ಸಿಟ್ಟು ನ್ಯಾಯವಾದದ್ದೇ. ನನ್ನ ನಕ್ಷೆಯಲ್ಲಿ ಕಾಲುವೆ ನಮ್ಮ ಬೇಲಿಯೊಳಗೇ ಇತ್ತು. ಹುಲ್ಲಿನ ಬೇರಿಗೆ ಎಲ್ಲಿಯ ಬೇಲಿ? ಒಂದೆರಡು ದಿನ ಯೋಚಿಸಿ, ಅವರ ಹೊಲದ ಬದಿಗೆ ಲಾವಂಚದ ಒತ್ತಾದ ಸಾಲು ನೆಡಿಸಿದೆ. ಅದು ಹರಡುವುದಿಲ್ಲ. ಬೇರು ನೇರ ಆಳಕ್ಕಿಳಿದು ಕರಕಿಯನ್ನೂ ತಡೆಯುತ್ತದೆ. ಕಾಕೂ ಪೂರ್ತಿ ನಂಬಲಿಲ್ಲ. ಬೇರು ಹಿಡಿಯುವ ಮೊದಲೇ ಇನ್ನೊಂದು ಮಳೆ ಬಂದು ತಿರುವಿನಲ್ಲಿ ಕರಕಿಯೆಲ್ಲ ಕಿತ್ತುಹೋಯಿತು. ಅಲ್ಲಿ ಅಡ್ಡಲಾಗಿ ಕಲ್ಲು ಜೋಡಿಸಿ ಮತ್ತೆ ನೆಟ್ಟೆವು. ಗೊಣಗುತ್ತಲೇ ಕಾಕೂ ಕಲ್ಲು ಎತ್ತಿಕೊಟ್ಟರು.

ಕಾಲೇಜಿನಲ್ಲಿ ನಾವು ಕಲಿತ ಲೆಕ್ಕಗಳಲ್ಲಿ ನೀರು ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದೇ ಮುಖ್ಯವಾಗಿತ್ತು. ಹೊರಗೆ ಎಂದರೆ ಇನ್ನೊಬ್ಬರ ಹೊಲ ಎಂದು ಅಂದು ಹೊಳೆದಿರಲಿಲ್ಲ.

ಮರುವರ್ಷ ಮಿರಗದ (ಮೃಗಶಿರದ) ಮಳೆ ಬಿರುಸಾಗಿ ಬಂತು. ಮಾವ ಛತ್ರಿ ಹಿಡಿದು ದಂಡೆಯ ಮೇಲೆ ನಿಂತರು. ನೀರು ಹುಲ್ಲನ್ನು ಮಲಗಿಸಿ, ಕೆಸರನ್ನು ಅಲ್ಲೇ ಬಿಟ್ಟು, ಸಾವಕಾಶ ಹಳ್ಳದತ್ತ ನಡೆಯಿತು. ಕಾಕೂನ ಹೊಲದಲ್ಲಿ ನೀರು ನಿಲ್ಲಲಿಲ್ಲ.

ಮಳೆ ನಿಂತು ಹೊಳವಾದ ಮೇಲೆ ಕಾಕೂ ಕುಡಗೋಲು ಹಿಡಿದು ಬಂದರು. "ಹುಲ್ಲು ಬಲತರ ಎಮ್ಮಿ ತಿನ್ನಂಗಿಲ್ಲ. ಕೊಯ್ಯಲೇನ್ರಿ?"

"ಕೊಯ್ರಿ, ನಿಮ್ಮದ ಅದು," ಎಂದರು ಮಾವ. "ಮದಲ ಒಳಗ ಬಂದು ಚಾ ಕುಡೀರಿ."